ಬಿಡಿಬಿಡಿಯಾಗಿ ಬಂದ ಟ್ರಂಪೆಟ್

ಮೊನ್ನೆ ನಮ್ಮ ಮನೆಗೆ ಹೊಲಿಗೆ ಮಿಷನ್ ರಿಪೇರಿಗೆ ಬಂದವನು ಅದರ ಸಂದುಗೊಂದುಗಳಿಗೆಲ್ಲ ಎಣ್ಣೆ ಬಿಟ್ಟು, ಕೈ ಒರೆಸಿಕೊಂಡು ಹೋದ. ಅಷ್ಟೇ. ಅಡುಗೆಮನೆಯಲ್ಲಿ ಬಂಗುಡೆ ಹುರಿಯುತ್ತಿದ್ದ ನನ್ನ ಮೂಗಿಗೆ ಆ ಮಿಷನ್ ಎಣ್ಣೆಯ ವಾಸನೆ ಬಡಿದದ್ದೇ ತಡ, ಸೌಟು ಕೈಯಲ್ಲಿ ಹಿಡಿದು ನಿಂತೇಬಿಟ್ಟೆ. ಮೀನು ಸೀದುಹೋಯಿತು. ಮಗಳು ಬಂದು ಗ್ಯಾಸ್ ಆರಿಸಿ, "ಎಂತಾಯ್ತು ಮಮ್ಮಿ?" ಎಂದಳು. ಎಂತ ಹೇಳುವುದು? ಇದು ಹೊಲಿಗೆಯ ವಾಸನೆಯಲ್ಲ, ನನ್ನ ಪಪ್ಪನ ವಾಸನೆ ಎಂದರೆ ಅವಳಿಗೆ ತಲೆಬುಡ ತಿಳಿಯುವುದುಂಟೇ? ನಿಮಗಾದರೆ ತಿಳಿದೀತು. ಇನ್ನೆಂದೂ ಹೋಗಲಾಗದ ಮನೆಯೊಂದು ನಿಮಗೂ ಇದ್ದೀತು. ನನ್ನದು ಸೌದಿ ಅರೇಬಿಯಾದ ಯಾನ್ಬುವಿನಲ್ಲಿತ್ತು.

ಎಂಬತ್ತರ ದಶಕದ ಯಾನ್ಬು. ಒಂದು ಕಡೆ ಕೆಂಪು ಸಮುದ್ರ, ಇನ್ನೊಂದು ಕಡೆ ರಿಫೈನರಿಯ ಬೆಂಕಿ, ನಡುವೆ ಮರಳು ಮತ್ತು ನಾವು. ಪಪ್ಪ ಅಲ್ಲಿ ಪೈಪ್ ಫಿಟ್ಟರ್. ಹೊಸ್ತಿಲು ದಾಟಿದರೆ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಒಳಗೆ ಬಂದರೆ ಕಿಟಕಿಯ ಏಸಿ ಹಗಲಿಡೀ ಗೊರಗೊರ ಎನ್ನುತ್ತಿತ್ತು. ಆ ಸದ್ದಿಗೆ ನಾವೆಷ್ಟು ಒಗ್ಗಿಹೋಗಿದ್ದೆವೆಂದರೆ ಕರೆಂಟ್ ಹೋದರೆ ಮೌನಕ್ಕೇ ಎಚ್ಚರವಾಗುತ್ತಿತ್ತು. ನೆಲದ ಕಾರ್ಪೆಟ್ಟಿನ ಹೂಗಳ ಮೇಲೆ ನಾನು ಮತ್ತು ತಂಗಿ ಆಡುತ್ತಿದ್ದೆವು. ಮಮ್ಮಿಯ ಹೊಲಿಗೆ ಮಿಷನ್ ಕಿಟಕಿಯ ಪಕ್ಕದಲ್ಲಿತ್ತು. ಅದರ ಎಣ್ಣೆ ಡಬ್ಬಿ ಮಾತ್ರ ಅದರ ಬಳಿ ಎಂದೂ ಇರುತ್ತಿರಲಿಲ್ಲ. "ನನ್ನ ಎಣ್ಣೆ ಪುನಃ ಎಲ್ಲಿಗೆ ಹೋಯ್ತು?" ಎಂದು ಮಮ್ಮಿ ರೇಗುತ್ತಿದ್ದಳು. ಎಲ್ಲಿಗೆ ಹೋಗುತ್ತದೆ? ಅದು ಪಪ್ಪನ ಟ್ರಂಪೆಟ್ಟಿನ ಹೊಟ್ಟೆಗೆ ಹೋಗಿರುತ್ತಿತ್ತು.

ಆ ಟ್ರಂಪೆಟ್ ನಮ್ಮ ಮನೆಗೆ ಬಂದದ್ದೇ ಬಿಡಿಬಿಡಿಯಾಗಿ. ಇಡಿಯಾಗಿ ತಂದರೆ ಏರ್‌ಪೋರ್ಟಿನಲ್ಲಿ ಏನೆನ್ನುತ್ತಾರೋ ಎಂಬ ಹೆದರಿಕೆಗೆ ಪಪ್ಪ ಅದನ್ನು ಊರಿನಲ್ಲೇ ಬಿಚ್ಚಿ, ಒಂದು ರಜೆಯಲ್ಲಿ ಕೊಳವೆಗಳನ್ನು ಬನಿಯನ್ನುಗಳೊಳಗೆ ಸುತ್ತಿ ತಂದರು. ಮುಂದಿನ ರಜೆಯಲ್ಲಿ ಬಾಯಿಗೆ ಇಡುವ ತುಂಡು ಕುಚ್ಚಲಕ್ಕಿಯ ಚೀಲದಲ್ಲಿ ಬಂತು. ಉಳಿದ ಚಿಲ್ಲರೆ ಸಾಮಾನುಗಳು ರೊಕಿ ಬಾಪ್ಪುವಿನ ಸೂಟ್‌ಕೇಸಿನಲ್ಲಿ ಬಂದವು. ರೊಕಿ ಬಾಪ್ಪು ಪಪ್ಪನ ಸ್ವಂತ ತಮ್ಮನಲ್ಲ, ಊರಿನ ನೆರೆಮನೆಯವರು, ಅದೇ ರಿಫೈನರಿಯಲ್ಲಿ ವೆಲ್ಡರ್. ಆದರೂ ನಮಗೆ ಚಿಕ್ಕಪ್ಪನೇ. ಮದುವೆಯಾಗಿರಲಿಲ್ಲ, ಹಾಗಾಗಿ ಶುಕ್ರವಾರದ ಊಟ ನಮ್ಮಲ್ಲೇ. ಊರಿನ ಇಗರ್ಜಿಯ ಬ್ಯಾಂಡಿನಲ್ಲಿ ಪಪ್ಪ ಟ್ರಂಪೆಟ್ ಊದಿದರೆ ಅವರು ಹೊಟ್ಟೆಯಷ್ಟು ದೊಡ್ಡ ಬಾಯಿಯ ಬೇಸ್ ಊದುತ್ತಿದ್ದರಂತೆ. ಬೇಸ್ ಬ್ಯಾಂಡಿನದ್ದು, ಅಲ್ಲೇ ಉಳಿಯಿತು. ಟ್ರಂಪೆಟ್ ಪಪ್ಪನದ್ದು, ಬಂತು.

ಬಂತು ನಿಜ, ಆದರೆ ಬಿಚ್ಚಿ ಕಟ್ಟಿದ ವಾದ್ಯ ಮತ್ತೆ ಮೊದಲಿನಂತಾಗುತ್ತದೆಯೇ? ಕೊಳವೆಗಳು ಸಡಿಲ. ಮೂರು ಗುಂಡಿಗಳೊಳಗೆ ಮರಳಿನ ಧೂಳು. ಒಳಗೆ ಕೂಡುವ ಎಂಜಲು ನೀರನ್ನು ಹೊರಬಿಡುವ ಪುಟ್ಟ ಮುಚ್ಚಳಕ್ಕೆ ರಬ್ಬರ್ ಬ್ಯಾಂಡೇ ಗತಿ. ರಿಫೈನರಿಯ ಪೈಪುಗಳಲ್ಲಿ ಒಂದು ಹನಿ ಸೋರಲು ಬಿಡದ ಮನುಷ್ಯ ಮನೆಗೆ ಬಂದು ತನ್ನ ಟ್ರಂಪೆಟ್ ಎಲ್ಲೆಲ್ಲಿ ಸೋರುತ್ತದೆಂದು ಕೆನ್ನೆ ಹತ್ತಿರ ಹಿಡಿದು ನೋಡುತ್ತಾ ಕೂರುತ್ತಿದ್ದರು. ಅವರಿಗೆ ಗೊತ್ತಿದ್ದ ಮದ್ದು ಒಂದೇ, ಪೈಪಿನ ತಿರುಪಿಗೆ ಸುತ್ತುವ ಬಿಳಿ ಟೇಪು. ಸಂದು ಕಂಡಲ್ಲೆಲ್ಲ ಅದನ್ನೇ ಸುತ್ತುತ್ತಿದ್ದರು. ಚಿನ್ನದ ಬಣ್ಣದ ಟ್ರಂಪೆಟ್ಟು ಆಸ್ಪತ್ರೆಯಿಂದ ಬಂದ ರೋಗಿಯ ಹಾಗೆ ಬ್ಯಾಂಡೇಜು ಕಟ್ಟಿಕೊಂಡಿರುತ್ತಿತ್ತು.

ಅಲ್ಲಿ ಹಬ್ಬ, ಹುಟ್ಟುಹಬ್ಬ, ಮದುವೆಯ ವಾರ್ಷಿಕ, ಎಲ್ಲವೂ ಬಾಗಿಲು ಹಾಕಿಕೊಂಡೇ, ವಾದ್ಯದ ಸದ್ದು ಬೀದಿಗೆ ಕೇಳಿದರೆ ಪೊಲೀಸರು ಬಂದಾರೆಂಬ ಭಯ. ಕಿಟಕಿಗೆ ಕಂಬಳಿ ಬಿಟ್ಟು, ಏಸಿ ಜೋರು ಮಾಡಿ, ಟ್ರಂಪೆಟ್ಟಿನ ಬಾಯಿಗೆ ಟವೆಲ್ ತುರುಕಿ ಊದುವುದು. ಹೊರಗೆ ಎಷ್ಟು ಕೇಳುತ್ತದೆಂದು ನೋಡಲು ಪಕ್ಕದ ಮನೆಯ ಹಮೀದಾಕ ಹೊಸ್ತಿಲಾಚೆ ನಿಲ್ಲುತ್ತಿದ್ದರು. ಅವರು ನಮ್ಮ ಕರಾವಳಿಯ ಉಚ್ಚಿಲದ ಕಡೆಯ ಬ್ಯಾರಿ ಮುಸ್ಲಿಮರು, ರಿಫೈನರಿಯ ಸ್ಟೋರಿನವರು. "ಕೇಳ್ತದೆ ಮಾರಾಯ, ಸಣ್ಣ ಮಾಡು!" ಎಂದು ಬಾಗಿಲು ಬಡಿಯುವುದು ಅವರ ಕೆಲಸ. ಮಕ್ಕಳಾದ ನಮಗೆ ಹಾಡಿನ ಮೇಲೆ ಆಸಕ್ತಿಯೇ ಇರಲಿಲ್ಲ. ಇವತ್ತು ಯಾವ ತುಂಡು ಉದುರುತ್ತದೆ ಎಂಬುದೇ ನಮ್ಮ ಕುತೂಹಲ. ಒಮ್ಮೆ ತಮ್ಮ ಮದುವೆಯ ವಾರ್ಷಿಕಕ್ಕೆ ಪಪ್ಪ ಊದುತ್ತಿದ್ದಾಗ ಮುಂದಿನ ಕೊಳವೆ ಜಾರಿ ಸೀದಾ ಕೋಳಿಸಾರಿನ ಪಾತ್ರೆಗೆ ಬಿತ್ತು. ಪಪ್ಪ ಗಂಭೀರವಾಗಿ ಅದನ್ನೆತ್ತಿ, ನೆಕ್ಕಿ ನೋಡಿ, "ಉಪ್ಪು ಕಮ್ಮಿ ಆಯ್ತು" ಎಂದು ಪುನಃ ಸಿಕ್ಕಿಸಿದರು. ಮಮ್ಮಿ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನೊಮ್ಮೆ ಟವೆಲ್ಲೇ ಹಾರಿ ಹುಟ್ಟುಹಬ್ಬದ ಕೇಕಿನ ಮೇಲೆ ಕೂತಿತು. ಎಷ್ಟು ನಗುತ್ತಿದ್ದೆವು ದೇವರೇ! ಅಷ್ಟು ನಗು ಆಮೇಲೆ ನಮ್ಮ ಯಾವ ಮನೆಯಲ್ಲೂ ಕೇಳಲಿಲ್ಲ.

ಹೀಗಿರುವಾಗ ಒಂದು ಗುರುವಾರ ರೊಕಿ ಬಾಪ್ಪುವಿಗೆ ಊರಿನಿಂದ ಫೋನ್ ಬಂತು. ಅವರು ಮಾಯ್ ಎಂದು ಕರೆಯುತ್ತಿದ್ದ ತಾಯಿ ಸೆರಫಿನ್ ಬಾಯಿ ತೀರಿಕೊಂಡಿದ್ದರು. ಮರುದಿನ ನಾಲ್ಕು ಗಂಟೆಗೆ ಮಣ್ಣು. ಪಾಸ್‌ಪೋರ್ಟ್ ಕೆಲಸಕ್ಕಿಟ್ಟ ಅರಬ ಯಜಮಾನ ಕಫೀಲನ ಬಳಿ, ಕಫೀಲ ಜಿದ್ದಾದಲ್ಲಿ, ಆಫೀಸು ತೆರೆಯುವುದು ಶನಿವಾರ. ಹೋಗುವ ಮಾತೇ ಇರಲಿಲ್ಲ. ಬಾಪ್ಪು ನಮ್ಮ ಮನೆಯ ಕಾರ್ಪೆಟ್ಟಿನ ಮೇಲೆ ಗೋಡೆಗೊರಗಿ ಕೂತರು. ಮಮ್ಮಿ ಕೊಟ್ಟ ಗಂಜಿ ಹಾಗೇ ಆರಿತು.

ಅವರನ್ನು ಕೊರೆಯುತ್ತಿದ್ದದ್ದು ಏನೆಂದು ಪಪ್ಪನಿಗೆ ಗೊತ್ತಿತ್ತು. ಇಬ್ಬರೂ ಬ್ಯಾಂಡಿಗೆ ಸೇರಿದ ವರ್ಷ ಸೆರಫಿನ್ ಬಾಯಿ ಅಂಗಳದಲ್ಲಿ ನಿಂತು ಹೇಳಿದ್ದರಂತೆ: "ನನ್ನನ್ನು ಹೊತ್ತುಕೊಂಡು ಹೋಗುವಾಗ ಮುಂದೆ ನೀವಿಬ್ರೇ ಊದಬೇಕು. ಬೇರೆ ಯಾರನ್ನಾದ್ರೂ ಕರ್ಕೊಂಡು ಬಂದ್ರೆ ಪೆಟ್ಟಿಗೆಯಿಂದ ಎದ್ದು ಬರ್ತೇನೆ ನೋಡಿ." ತಮಾಷೆಯ ಮಾತು, ಆದರೆ ಮಾತು ಮಾತೇ. ನಮ್ಮ ಊರಿನಲ್ಲಿ ಮರಣಕ್ಕೆ ಬ್ಯಾಂಡು ಎಂದರೆ ಬರೀ ಮರ್ಯಾದೆಗಲ್ಲ. ಮನೆಯಂಗಳದಿಂದ ಇಗರ್ಜಿಯ ಮೆಟ್ಟಿಲಿನ ತನಕ ಅದು ಮುಂದೆ, ಪೆಟ್ಟಿಗೆ ಹಿಂದೆ. ಆ ರಾಗದ ಲಯಕ್ಕೇ ಹೆಗಲು ಕೊಟ್ಟವರು ಹೆಜ್ಜೆ ಹಾಕುವುದು. ನಡುದಾರಿಯಲ್ಲಿ ಬ್ಯಾಂಡು ನಿಂತರೆ ಪೆಟ್ಟಿಗೆಯೂ ಅಲ್ಲೇ ನಿಲ್ಲುತ್ತದೆ. ಹಾಗೆ ದಾರಿಯಲ್ಲಿ ನಿಲ್ಲಿಸುವುದೆಂದರೆ ಸತ್ತವರಿಗೆ ಮಾಡುವ ದೊಡ್ಡ ಅಪಚಾರ.

"ನಾಳೆ ಅದೇ ಹೊತ್ತಿಗೆ ನಾನಿಲ್ಲಿ ಊದ್ತೇನೆ ರೊಕಿ," ಎಂದರು ಪಪ್ಪ. ಬಾಪ್ಪು ತಲೆಯೆತ್ತಿ ನೋಡಿದರು. "ಮೆಟ್ಟಿಲಿನ ತನಕ?" ಎಂದು ಕೇಳಿದರು. "ಮೆಟ್ಟಿಲಿನ ತನಕ," ಎಂದರು ಪಪ್ಪ.

ಶುಕ್ರವಾರ ಬೆಳಿಗ್ಗೆ ಪಪ್ಪ ಟ್ರಂಪೆಟ್ಟನ್ನು ಪೂರ್ತಿ ಬಿಚ್ಚಿ ಹಾಸಿದರು. ಇವತ್ತು ಏನೂ ಉದುರಬಾರದು. ಮಮ್ಮಿ ತಾನೇ ಎಣ್ಣೆ ಡಬ್ಬಿ ತಂದುಕೊಟ್ಟಳು, ರೇಗಲಿಲ್ಲ. ಪ್ರತಿ ಗುಂಡಿಯ ಕೊಳವೆಗೆ ತಳದಲ್ಲೊಂದು ತಿರುಪಿನ ಬಿರಡೆ ಇರುತ್ತದೆ. ಗುಂಡಿಯನ್ನು ಒತ್ತಿ ಬಿಟ್ಟಾಗ ಮೇಲಕ್ಕೆ ತಳ್ಳುವ ಸ್ಪ್ರಿಂಗು ಆ ಬಿರಡೆಯ ಮೇಲೆಯೇ ಕೂತಿರುತ್ತದೆ. ಗಾಳಿ ಸೋರದ ಆ ಬಿರಡೆಗಳಿಗೆ ಟೇಪಿನ ಅಗತ್ಯವೇ ಇಲ್ಲ. ಆದರೆ ಪೈಪಿನವರ ಕೈ ಸುಮ್ಮನಿರಬೇಕಲ್ಲ! ಪಪ್ಪ ಇರಲಿ ಎಂದು ಅವಕ್ಕೂ ಸುತ್ತಿದರು, ಇನ್ನೂ ಇರಲಿ ಎಂದು ಮತ್ತೆ ಸುತ್ತಿದರು. ದಪ್ಪವಾದ ತಿರುಪು ಒಳಕ್ಕೆ ಕೂರದೆ ಅಂಚಿನಲ್ಲೇ ಕಚ್ಚಿ ನಿಂತಿತು. ಬಿಗಿಯಾಯಿತೆಂದೇ ಅವರು ತಿಳಿದರು. ಬೇರೆ ದಿನವಾಗಿದ್ದರೆ ಬಾಪ್ಪು ನೋಡಿ ಬೈಯುತ್ತಿದ್ದರು. ಅಂದು ಅವರ ಕಣ್ಣು ಗೋಡೆಯ ಮೇಲಿತ್ತು.

ಊರಿನ ನಾಲ್ಕು ಗಂಟೆ ಎಂದರೆ ನಮಗೆ ಒಂದೂವರೆ. ಹಮೀದಾಕ ಜುಮ್ಮಾ ನಮಾಜು ಮುಗಿಸಿ ಸೀದಾ ನಮ್ಮಲ್ಲಿಗೆ ಬಂದು, ಬಾಪ್ಪುವಿನ ಎರಡೂ ಕೈ ಹಿಡಿದುಕೊಂಡರು. "ನಾನು ಹೊರಗೆ ಉಂಟು. ನೀವು ಊದಿ," ಎಂದು ಬಿಸಿಲಿಗೆ ಹೋದರು. ಮಮ್ಮಿ ಮೇಣದಬತ್ತಿ ಹಚ್ಚಿದಳು. ನಗಬಾರದೆಂದು ನಮಗೆ ಮೊದಲೇ ಕಟ್ಟಪ್ಪಣೆಯಾಗಿತ್ತು. ಪಪ್ಪ ನಿಂತು, ಟವೆಲ್ ತುರುಕಿ, ಮರಣದ ರಾಗ ಎತ್ತಿಕೊಂಡರು. ಅಷ್ಟು ನಿಧಾನದ, ಅಷ್ಟು ತಗ್ಗಿದ ಸ್ವರ ಆ ಟ್ರಂಪೆಟ್ಟಿನಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಬಾಪ್ಪು ಕಣ್ಣು ಮುಚ್ಚಿ ಬಾಯೊಳಗೇ ಹೇಳತೊಡಗಿದರು. "ಅಂಗಳ ದಾಟಿತು... ಈಗ ಗದ್ದೆಯ ಹುಣಿ..." ಅವರು ಮೆರವಣಿಗೆಯ ಜೊತೆ ಊರಿನ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದಾರೆಂದು ನನಗೆ ಆಗ ಅರ್ಥವಾಯಿತು. "ಸಂಕದ ಹತ್ತಿರ ಬಂತು," ಎಂದು ಅವರು ಆ ಕಾಲುಸೇತುವೆ ಮುಟ್ಟುವಷ್ಟರಲ್ಲಿ ಟ್ರಂಪೆಟ್ಟಿನ ಅಡಿಯಿಂದ ಏನೋ ಕಳಚಿ ಬಿತ್ತು. ನಡುವಿನ ಗುಂಡಿಯ ಬಿರಡೆ. ಅದರ ಹಿಂದೆಯೇ ಸ್ಪ್ರಿಂಗು ಹಾರಿ, ಕಾರ್ಪೆಟ್ಟಿನ ಮೇಲೆ ಪುಟಿದು ಸೋಫಾದ ಅಡಿಗೆ ಹೋಯಿತು. ಗುಂಡಿ ಕೆಳಗೆ ಕುಸಿದು ಅಲ್ಲೇ ಉಳಿಯಿತು. ಟ್ರಂಪೆಟ್ ಒಂದು ವಿಕಾರದ ಸ್ವರ ಹೊರಡಿಸಿತು. ತಂಗಿಗೆ ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕಳು. ಮಮ್ಮಿ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. ಊದುವುದು ಬಿಟ್ಟು ಪಪ್ಪ ಸೋಫಾದ ಕಡೆ ಬಗ್ಗಿದರು.

"ನಿಲ್ಲಿಸ್ಬೇಡ!" ಬಾಪ್ಪು ಎದ್ದೇ ಬಂದಿದ್ದರು. "ನಿಲ್ಲಿಸ್ಬೇಡ ಮಾರಾಯ, ಮಾಯ್ ದಾರಿಯಲ್ಲಿದ್ದಾಳೆ."

ಅವರು ಪಪ್ಪನ ಎದುರಿಗೆ ಮೊಣಕಾಲೂರಿ, ತಮ್ಮ ತೋರುಬೆರಳನ್ನು ಆ ಬರಿದಾದ ತೂತಿನೊಳಗೆ ಹಾಕಿ, ಕುಸಿದ ಗುಂಡಿಯನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಹಿಡಿದರು. ಪಪ್ಪ ಒಂದು ಕ್ಷಣ ಅವರನ್ನೇ ನೋಡಿದರು. ಆಮೇಲೆ ಊದಿದರು. ಪಪ್ಪ ಮೇಲಿನಿಂದ ಒತ್ತಿದಾಗ ಬಾಪ್ಪುವಿನ ಬೆರಳು ಸಡಿಲಾಗುತ್ತಿತ್ತು, ಪಪ್ಪ ಬಿಟ್ಟಾಗ ಅದು ಗುಂಡಿಯನ್ನು ಮೇಲಕ್ಕೆ ತಳ್ಳುತ್ತಿತ್ತು. ಆ ರಾಗ ಇಬ್ಬರಿಗೂ ಬಾಯಿಪಾಠ. ಯಾವ ಸ್ವರಕ್ಕೆ ಯಾವ ಗುಂಡಿ ಎಂದು ಒಬ್ಬರಿಗೊಬ್ಬರು ಹೇಳಬೇಕಾಗಿರಲಿಲ್ಲ. ಮೊದಮೊದಲು ತೊದಲಿತು, ಆಮೇಲೆ ಸಲೀಸಾಯಿತು. ಒಂದೇ ವಾದ್ಯವನ್ನು ಇಬ್ಬರೂ ಊದುತ್ತಿದ್ದರು. ಬಾಪ್ಪುವಿನ ಕಣ್ಣಿಂದ ನೀರು ಧಾರಾಳ ಹರಿಯುತ್ತಿತ್ತು, ಒರೆಸಿಕೊಳ್ಳಲು ಅವರು ಬೆರಳು ತೆಗೆಯಲಿಲ್ಲ. "ಸಂಕ ದಾಟಿತು... ಕಲ್ಲಿನ ಶಿಲುಬೆ... ಏರು..." ಎನ್ನುತ್ತಲೇ ಇದ್ದರು. ರಾಗ ಮುಗಿದಂತೆಲ್ಲ ಪಪ್ಪ ಮೊದಲಿನಿಂದ ಎತ್ತಿಕೊಳ್ಳುತ್ತಿದ್ದರು. ಅವರ ತುಟಿ ಊದಿಕೊಂಡಿತ್ತು. ಯಾವಾಗಲೋ ಟವೆಲ್ಲೂ ಜಾರಿ ಬಿದ್ದಿತ್ತು, ಸ್ವರ ಮನೆ ತುಂಬಿತ್ತು, ಆದರೆ ಹಮೀದಾಕ ಬಾಗಿಲು ಬಡಿಯಲಿಲ್ಲ.

"ಮೆಟ್ಟಿಲು," ಎಂದರು ಬಾಪ್ಪು ಕೊನೆಗೆ, ಬೆರಳು ಹೊರಗೆಳೆದುಕೊಂಡರು.

ಬಾಗಿಲು ತೆರೆದಾಗ ಹಮೀದಾಕನ ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. "ಜೋರು ಕೇಳ್ತಿತ್ತಾ?" ಎಂದು ಮಮ್ಮಿ ಗಾಬರಿಯಿಂದ ಕೇಳಿದಳು. "ಕೇಳ್ತಿತ್ತು. ತಾಯಿಗಲ್ಲವಾ ಊದಿದ್ದು, ಹೇಗೆ ನಿಲ್ಲಿಸ್ಲಿಕ್ಕೆ ಹೇಳುವುದು?" ಎಂದು ಅವರು ನೀರು ಕೇಳಿ ಕುಡಿದರು.

ಎಷ್ಟೋ ತಿಂಗಳ ಮೇಲೆ ರಜೆ ಸಿಕ್ಕಿ ಬಾಪ್ಪು ಊರಿಗೆ ಹೋಗಿ ಬಂದರು. ಬಂದ ದಿನ ಹಲಸಿನ ಹಪ್ಪಳದ ಕಟ್ಟನ್ನು ಮಮ್ಮಿಯ ಕೈಗಿಟ್ಟು, ಪಪ್ಪನ ಪಕ್ಕ ಕೂತು, ಮೆಲ್ಲಗೆ ಹೇಳಿದರು: "ಅವತ್ತು ಊರಲ್ಲಿ ಬ್ಯಾಂಡೇ ಇರ್ಲಿಲ್ಲ ಅಂತೆ. ಯಾವುದೋ ಮದುವೆಗೆ ಹೋಗಿದ್ರಂತೆ. ಮಾಯಿಯನ್ನು ಹಾಗೇ ತೆಗೊಂಡು ಹೋದ್ರಂತೆ, ಬರೀ ಕಾಲಿನ ಸದ್ದಲ್ಲಿ." ಪಪ್ಪ ಅವರ ಕೈ ಹಿಡಿದುಕೊಂಡು, "ಹಾಗಾದ್ರೆ ನಾವು ನಿಲ್ಲಿಸದಿದ್ದದ್ದು ಒಳ್ಳೆದೇ ಆಯ್ತು ರೊಕಿ," ಎಂದರು. ಬಾಪ್ಪು ಹೌದೆಂದು ತಲೆಯಾಡಿಸಿದರು. ಅಷ್ಟು ದೊಡ್ಡ ಗಂಡಸರಿಬ್ಬರು ಕೈ ಕೈ ಹಿಡಿದುಕೊಂಡು ಕೂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ಕ್ವಾರ್ಟರ್ಸು ಈಗ ಇಲ್ಲ, ಕೆಡವಿದರಂತೆ. ಹಮೀದಾಕ ಉಚ್ಚಿಲದಲ್ಲಿ ತೀರಿಕೊಂಡ ಸುದ್ದಿ ನಮಗೆ ತಡವಾಗಿ ತಿಳಿಯಿತು. ಪಪ್ಪನ ಮರಣಕ್ಕೆ ಒಳ್ಳೆಯ ಬ್ಯಾಂಡೇ ಬಂದಿತ್ತು. ಹೊಳೆಯುವ ವಾದ್ಯಗಳು, ಯೂನಿಫಾರಂ ತೊಟ್ಟ ತರುಣರು, ಎಲ್ಲೂ ತಪ್ಪದ ಸ್ವರ. ಬಾಪ್ಪು ಆಗ ತುಂಬ ಮುದುಕರಾಗಿದ್ದರು, ನಡೆಯಲು ಆಗುವುದಿಲ್ಲ, ಕಾರಿನಲ್ಲಿ ಬನ್ನಿ ಎಂದರೂ ಕೇಳಲಿಲ್ಲ. ನನ್ನ ತೋಳು ಹಿಡಿದುಕೊಂಡು ಪೆಟ್ಟಿಗೆಯ ಪಕ್ಕದಲ್ಲೇ ಅಂಗಳ ದಾಟಿದರು, ಸಂಕ ದಾಟಿದರು, ಏರು ಹತ್ತಿದರು. ದಾರಿಯುದ್ದಕ್ಕೂ ಅವರ ತೋರುಬೆರಳು ರಾಗಕ್ಕೆ ಸರಿಯಾಗಿ ನನ್ನ ತೋಳನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಮೆಟ್ಟಿಲು ಬಂದಾಗ ಬೆರಳು ನಿಂತಿತು.