ಲಿಫ್ಟಿನ ಮೇಲೆ ಕೆಂಪು ಟಿಕಳಿ

ಆ ಹುಡುಗಿ ಕೆಂಪು ಟಿಕಳಿಯನ್ನು ನಕ್ಷೆಯಲ್ಲಿ ನಮ್ಮ ಕಟ್ಟಡದ ಲಿಫ್ಟಿನ ಮೇಲೆ ಅಂಟಿಸಿದಾಗ, ಏನೋ ತಪ್ಪು ತಿಳಿದಿದ್ದಾಳೆ ಅಂದುಕೊಂಡೆ.

ಪುಣೆಯ ನಮ್ಮ ಬಡಾವಣೆಯಲ್ಲಿ ಹೆಂಗಸರಿಗೆ ಎಲ್ಲೆಲ್ಲಿ ಭಯವಾಗುತ್ತದೆ ಎಂದು ನಾವೇ ಸೇರಿ ಅಧ್ಯಯನ ಮಾಡುತ್ತಿದ್ದೆವು. ನೆಲಕ್ಕೆ ದೊಡ್ಡ ನಕ್ಷೆ ಹಾಸಿ, ಭಯದ ಜಾಗಕ್ಕೆ ಹಣೆಗಿಡುವ ಟಿಕಳಿ ಅಂಟಿಸುವುದು. ನಮ್ಮವೆಲ್ಲ ಚರಂಡಿ ಪಕ್ಕದ ಓಣಿಗೆ, ಸಾರಾಯಿ ಅಂಗಡಿಯ ಮುಂದಕ್ಕೆ ಬಿದ್ದಿದ್ದವು. ಮೂರನೇ ಮಹಡಿಯಲ್ಲಿ ಬಾಡಿಗೆಗಿರುವ ತಾಂಜಾನಿಯಾದ ಈ ವಿದ್ಯಾರ್ಥಿನಿಯದು ಮಾತ್ರ ಲಿಫ್ಟಿಗೆ.

“ಅಯ್ಯ, ಲಿಫ್ಟಿನ್ಯಾಗ ಎದರ ಅಂಜಿಕಿರಿ? ಎಲ್ಲಾ ನಮ್ಮ ಮಂದಿನ ಅದಾರಲ್ಲ!” ಎಂದರು ಧಾರವಾಡ ಕಡೆಯ ನನ್ನ ನೆರೆಯವರು. ಅದನ್ನೇ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದೆ.

ಅವಳು ನಕ್ಷೆಯಿಂದ ಕಣ್ಣೆತ್ತಲಿಲ್ಲ. “ಬಾಗಿಲು ಮುಚ್ಚಿದ ಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳುತ್ತಾರೆ, ಕಿತಿ? ನಿಮ್ಮನ್ನು ಯಾರೂ ಹಾಗೆ ಕೇಳುವುದಿಲ್ಲ, ಅಲ್ಲವೇ?”

ಮರಾಠಿಯಲ್ಲಿ ಕಿತಿ ಎಂದರೆ ಎಷ್ಟು. ಅವಳು ಬಂದ ಹೊಸದರಲ್ಲಿ, ತರಕಾರಿ ಗಾಡಿಯ ಮುಂದೆ ನಿಲ್ಲಿಸಿಕೊಂಡು ಮೆಂತ್ಯದ ಕಟ್ಟು ತೋರಿಸಿ, ನಾನೇ ಕಲಿಸಿದ ಮೊದಲ ಪದ. “ಯಾರು?” ಎಂದು ಕೇಳಲು ಅಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಎಲ್ಲರ ಮನೆಯಲ್ಲೂ ಗಂಡಸರಿದ್ದಾರೆ.

ಮರುದಿನ ಲಿಫ್ಟಿನಲ್ಲಿ ಮೇಲಿನ ಮನೆಯ ಹಿರಿಯರು ನನ್ನ ಚೀಲದೊಳಗಿನ ಮೆಂತ್ಯ ನೋಡಿ ನಕ್ಕು, “ಮೇಥಿ ಕಿತೀಲಾ?” ಎಂದರು. ಮೆಂತ್ಯ ಎಷ್ಟಕ್ಕೆ ಎಂದು ವರ್ಷಗಳಿಂದ ಕೇಳುತ್ತಿರುವ ಮಾತು. ನಮ್ಮ ಮಹಡಿ ಬರುವ ಮೊದಲೇ ಇಳಿದುಬಿಟ್ಟೆ.