ಹೊಸ್ತಿಲಿಗಿಂತ ಎತ್ತರದ ರಸ್ತೆ

ನಮ್ಮ ಮನೆಯ ಜಗಲಿಯನ್ನು ಹೂತುಹಾಕಿದವರು ಈ ನಗರದ ರಸ್ತೆಗಳ ಹೊಣೆ ಹೊತ್ತವರು. ಹಾಡಹಗಲೇ, ಸಾರ್ವಜನಿಕರ ಹಣದಲ್ಲಿ, ರೋಡ್ ರೋಲರ್ ತಂದು ಹೂತಿದ್ದಾರೆ. ಇದನ್ನು ದೂರೆಂದಲ್ಲ, ಆರೋಪವೆಂದೇ ಓದಿಕೊಳ್ಳಬೇಕು.

ಇಟ್ಟಮಡುವಿನಲ್ಲಿ ನಮ್ಮ ಮನೆ ಕಟ್ಟಿದಾಗ ಅದು ರಸ್ತೆಗಿಂತ ಎತ್ತರದಲ್ಲಿತ್ತು. ಮೆಟ್ಟಿಲು ಹತ್ತಿದರೆ ಬಾಗಿಲು. ಬಾಗಿಲ ಪಕ್ಕದಲ್ಲಿ, ಹೊಸ್ತಿಲಿನ ಸಮಕ್ಕೆ, ರೆಡ್ ಆಕ್ಸೈಡ್ ಬಳಿದ ಜಗಲಿ. ಅಲ್ಲಿ ಕೂತು ಕಾಲು ಇಳಿಬಿಡಬಹುದಿತ್ತು. ಆಮೇಲೆ ಚುನಾವಣೆ ಬಂದಾಗಲೆಲ್ಲ ಹೊಸ ಡಾಂಬರು ಬಿತ್ತು. ಹಳೆಯದನ್ನು ಕೆತ್ತಿ ತೆಗೆದು ಅಲ್ಲ, ಅದರ ಮೇಲೆಯೇ. ಬೆಂದ ದೋಸೆಯ ಮೇಲೆ ಮತ್ತೊಂದು ದೋಸೆ ಹುಯ್ದ ಹಾಗೆ! ಮೆಟ್ಟಿಲುಗಳು ಮುಳುಗಿದವು. ಕಡೆಗೆ ಬಾಗಿಲೂ ಜಗಲಿಯೂ ರಸ್ತೆಗಿಂತ ಕೆಳಗಾದವು. ಮನೆ ಕುಸಿದಿಲ್ಲ, ಒಂದಿಷ್ಟೂ ಅಲುಗಿಲ್ಲ. ಇದ್ದಲ್ಲೇ ಇದ್ದು ಹಳ್ಳಕ್ಕೆ ಬಿದ್ದಿದೆ.

ಮೊದಲ ದೊಡ್ಡ ಮಳೆಗೆ ಚರಂಡಿ ನೀರು ಹಾಲ್‌ವರೆಗೆ ಬಂತು. ಬೀದಿಯ ಬೇರೆಯವರಂತೆ ನಾವೂ ರಸ್ತೆಯಂಚಿಗೆ ಮೊಣಕಾಲೆತ್ತರದ ಸಿಮೆಂಟ್ ಗೋಡೆ ಕಟ್ಟಿಸಿದೆವು. ಅದನ್ನು ದಾಟಿಯೇ ಒಳಗೆ ಇಳಿಯಬೇಕು. ನಾನು ದಾಟುತ್ತೇನೆ. ಅಮ್ಮ ನನ್ನ ಭುಜ ಹಿಡಿದು ದಾಟುತ್ತಾಳೆ. ಗಿರಿಜಕ್ಕ ದಾಟಲಾರರು.

ಗಿರಿಜಕ್ಕ ಅದೇ ಬೀದಿಯ ಕೊನೆಯ ಮನೆಯವರು. ತಿಪಟೂರಿನಿಂದ ಬಂದು ನೆಲೆಸಿದ ಕೊಬ್ಬರಿ ವ್ಯಾಪಾರಿಗಳ ಮನೆಯ ಹಿರಿಯರು, ಅಮ್ಮನ ಸಂಜೆಗಳ ಗೆಳತಿ. ಎತ್ತರದ ಜಾಗದ ಅವರ ಮನೆಗೆ ಗೋಡೆ ಬೇಕಾಗಿಲ್ಲ, ಆದರೆ ಅಲ್ಲಿ ಕೊಬ್ಬರಿ ಮೂಟೆಗಳ ನಡುವೆ ಇಬ್ಬರು ಕೂರಲು ಜಾಗವಿಲ್ಲ. ಅವರೆಕಾಯಿ ಕಾಲದಲ್ಲಿ ಇಬ್ಬರೂ ಜಗಲಿಯಲ್ಲಿ ಕೂತು ಕಾಳು ಹಿತುಕುತ್ತಿದ್ದರು. ಮಂಡಿಯ ಆಪರೇಷನ್ ಆದ ಮೇಲೆ ಗಿರಿಜಕ್ಕನಿಗೆ ವಾಕರ್ ಬಂತು. ಅದನ್ನು ಹಿಡಿದು ನಮ್ಮ ಮನೆಯವರೆಗೂ ನಡೆಯುತ್ತಾರೆ. ಗೋಡೆಯ ಆಚೆ ನಿಲ್ಲುತ್ತಾರೆ.

“ಬಾವಿಯೊಳಕ್ಕೆ ಬಗ್ಗಿ ಮಾತಾಡ್ದಂಗೆ ಆಯ್ತದೆ ಕಣೇ ಶಾರದಾ” ಎಂದರು ಒಮ್ಮೆ.

“ಹಗ್ಗ ಬಿಡಿ ಗಿರಿಜಕ್ಕ, ನಾನೇ ಹತ್ತಿ ಬರ್ತೀನಿ” ಎಂದಳು ಅಮ್ಮ, ಜಗಲಿಯಿಂದ ತಲೆಯೆತ್ತಿ.

ಇಬ್ಬರೂ ನಕ್ಕರು. ಅಷ್ಟರಲ್ಲಿ ಹಿಂದಿನಿಂದ ಬೈಕೊಂದು ಹಾರ್ನ್ ಹೊಡೆಯಿತು. ಗಿರಿಜಕ್ಕ ವಾಕರ್ ತಿರುಗಿಸಿಕೊಂಡು ಹೊರಟರು. ಅವರು ಹೋದ ದಿಕ್ಕಿಗೆ ಅಮ್ಮ ಕತ್ತು ಚಾಚಿದಳು. ಕೂತಲ್ಲಿಂದ ಏನು ಕಾಣುತ್ತದೆ? ಗೋಡೆ.

“ಫೋನ್ ಮಾಡಮ್ಮ” ಎಂದೆ.

“ಮಾಡ್ಬೋದು. ಏನೂ ಮಾತಾಡ್ದೆ ಜೊತೇಲಿ ಸುಮ್ನೆ ಕೂತಿರೋಕೆ ಫೋನಲ್ಲಿ ಆಗುತ್ತೇನೇ?”

ನಾನು ಮನೆಯ ಪ್ರವೇಶಭಾಗವನ್ನು ಹೊಸದಾಗಿ ಮಾಡಿಸಲು ತೀರ್ಮಾನಿಸಿದೆ. ನನ್ನ ಗೆಳತಿಯೊಬ್ಬಳ ಪರಿಚಯದ ಇಂಟೀರಿಯರ್ ಡಿಸೈನರ್ ಟ್ಯಾಬ್ ಹಿಡಿದು ಬಂದರು. ಉತ್ಸಾಹಿ ಯುವಕ.

“ಇಲ್ಲೊಂದು ವುಡನ್ ಪ್ಯಾನೆಲ್ ಆಂಟಿ, ಮೇಲಿಂದ ವಾರ್ಮ್ ಲೈಟ್, ಮೂಲೇಲಿ ಒಂದು ಬುದ್ಧ. ಎಂಟ್ರೆನ್ಸ್ ಸಖತ್ತಾಗಿರುತ್ತೆ.”

“ಬುದ್ಧ ಬರ್ಲಿ, ಬೇಡ ಅನ್ನಲ್ಲ” ಎಂದಳು ಅಮ್ಮ. “ಗಿರಿಜಕ್ಕನ ವಾಕರ್ ಒಳಗೆ ಬರ್ಬೇಕು. ಅದಕ್ಕೇನ್ ಮಾಡ್ತೀಯಪ್ಪ?”

“ಸಿಂಪಲ್ ಆಂಟಿ. ಈ ಗೋಡೆ ಒಡ್ದು ರ‍್ಯಾಂಪ್ ಕೊಡೋಣ.”

“ರಸ್ತೆಯಿಂದ ಒಳಕ್ಕೆ ಇಳಿಜಾರಾ?”

“ಹೌದು, ಸ್ಮೂತಾಗಿ.”

“ಮಳೆ ನೀರೂ ಸ್ಮೂತಾಗೇ ಬರುತ್ತಲ್ಲ!”

ಅವರು ಟ್ಯಾಬ್ ಕೆಳಗಿಟ್ಟರು. ಪೈಪ್ ಹಾಕಿ ನೀರನ್ನು ಚರಂಡಿಗೆ ಬಿಡೋಣವೆಂದರು; ಚರಂಡಿಯೂ ನಮ್ಮ ನೆಲಕ್ಕಿಂತ ಎತ್ತರದಲ್ಲಿದೆ. ನೆಲ ಎತ್ತರಿಸೋಣವೆಂದರು, ಆಗ ಬಾಗಿಲಲ್ಲಿ ಎಲ್ಲರೂ ತಲೆ ಬಗ್ಗಿಸಬೇಕು. ವಾಕರ್ ಬರುವ ದಾರಿಯಲ್ಲೇ ನೀರೂ ಬರುತ್ತದೆ. ನೀರನ್ನು ತಡೆದರೆ ಗಿರಿಜಕ್ಕನನ್ನೂ ತಡೆಯಬೇಕು. ಇದು ಡಿಸೈನರ್ ಬಿಡಿಸಬಹುದಾದ ಗಂಟೇ? ಬರಬೇಕಾದವರು ಬರಲಾಗದ ಬಾಗಿಲಿಗೆ ಯಾವ ಬಣ್ಣದ ಬೆಳಕು ಹಾಕಿದರೇನು?

ಹೋದ ವಾರ ಬೀದಿಗೆ ಎಂಜಿನಿಯರ್ ಒಬ್ಬರು ಬಂದರು. ಜೊತೆಗಿದ್ದವರು ಟೇಪ್ ಹಿಡಿದು ಅಳೆದು ಸುಣ್ಣದಲ್ಲಿ ಗುರುತು ಹಾಕಿದರು. ಮತ್ತೆ ಡಾಂಬರು! ನಾನು ಗೋಡೆ ದಾಟಿ ಓಡಿದೆ.

“ಹಳೇದನ್ನ ಕೆತ್ತಿ ತೆಗೀತೀರಾ ಸಾರ್?”

“ಅದು ಎಸ್ಟಿಮೇಟ್‌ನಲ್ಲಿಲ್ಲ ಮೇಡಂ.”

“ನಮ್ಮ ಬಾಗಿಲು ಈಗ್ಲೇ ಕೆಳಗಿದೆ. ಇನ್ನೂ ಕೆಳಗೆ ಹೋಗುತ್ತಲ್ಲ?”

“ಈಗೆಲ್ಲ ಜಾಕ್ ಕೊಟ್ಟು ಇಡೀ ಮನೇನೇ ಎತ್ತಿಸ್ತಾರೆ. ನೀವೂ ಎತ್ತಿಸ್ಕೊಳ್ಳಿ.”

ಹಿಂದಿನಿಂದ ಅಮ್ಮನ ದನಿ ಬಂತು. “ಎತ್ತಿಸ್ತೀವಪ್ಪ. ಆಮೇಲೆ ನೀವು ರಸ್ತೆ ಎತ್ತಿಸ್ತೀರ. ಹಿಂಗೇ ನಡೀಲಿ, ಸ್ವರ್ಗಕ್ಕೆ ಹತ್ರ ಆಗುತ್ತೆ.”

ಎಂಜಿನಿಯರ್ ನಕ್ಕರು. ನಕ್ಕು ಮುಂದಿನ ಮನೆಗೆ ಹೋದರು.

(ಅವರೊಬ್ಬರನ್ನೇ ದೂಷಿಸುತ್ತಿಲ್ಲ. ಎಸ್ಟಿಮೇಟ್ ಬರೆದವರೊಬ್ಬರು, ಒಪ್ಪಿಗೆ ಕೊಟ್ಟವರೊಬ್ಬರು, ಉದ್ಘಾಟನೆಗೆ ತೆಂಗಿನಕಾಯಿ ಒಡೆಯುವವರು ಮತ್ತೊಬ್ಬರು. ಇವರಲ್ಲಿ ಯಾರಾದರೂ ಒಮ್ಮೆ ರಸ್ತೆಯಿಂದ ಕಣ್ಣೆತ್ತಿ, ಕ್ಷಮಿಸಿ, ಕಣ್ಣಿಳಿಸಿ, ನಮ್ಮ ಬಾಗಿಲು ನೋಡಿದ್ದಾರೆಯೇ?)

ಆ ಸಂಜೆ ಗಿರಿಜಕ್ಕ ಬಂದರು. ಸುಣ್ಣದ ಗೆರೆಯನ್ನು ನೋಡುತ್ತ ನಿಂತರು.

“ಇನ್ನೊಂದು ಪದರ ಬಿದ್ರೆ ನೀವೂ ಗೋಡೆ ಎತ್ತರಿಸ್ಬೇಕು, ಅಲ್ವೇನೇ?”

“ಹೂಂ, ಗಿರಿಜಕ್ಕ.”

“ಆಮೇಲೆ ನಿನ್ ಮುಖಾನೂ ಕಾಣಾಕಿಲ್ಲ.”

ಈ ಸಲ ಅಮ್ಮ ತಮಾಷೆ ಮಾಡಲಿಲ್ಲ. ಜಗಲಿಯಲ್ಲಿ ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ಸವರಿದಳು. ದೂಳೇನೂ ಇರಲಿಲ್ಲ. ಅವಳು ಕೇಳಿದ್ದು ಅರಮನೆಯನ್ನಲ್ಲ. ಪಕ್ಕದಲ್ಲಿ ಒಬ್ಬರು ಬಂದು ಕೂರುವ ಸಂಜೆಯನ್ನು. ಅದನ್ನು ನಮ್ಮಿಂದ ಕಿತ್ತುಕೊಳ್ಳುವ ಅಧಿಕಾರ ಯಾವ ಕಾಮಗಾರಿಗಿದೆ?

ಆದ್ದರಿಂದ, ಈ ರಸ್ತೆಯ ಹೊಣೆ ಹೊತ್ತ ಅಧಿಕಾರಿಗಳಲ್ಲಿ ನನ್ನ ಕೋರಿಕೆ: ಸುಣ್ಣದ ಗುರುತಿನ ಮೇಲೆ ಡಾಂಬರು ಬೀಳುವ ಮುನ್ನ ಕೆಲಸ ನಿಲ್ಲಿಸಿ. ಹಳೆಯ ಪದರಗಳನ್ನು ಕೆತ್ತಿ ತೆಗೆಸಿ, ರಸ್ತೆಯನ್ನು ಹೊಸ್ತಿಲುಗಳ ಕೆಳಕ್ಕೆ ಇಳಿಸಿ. ಅದು ಸಾಧ್ಯವಿಲ್ಲವೆಂದಾದರೆ, ಏಕೆ ಸಾಧ್ಯವಿಲ್ಲ, ಯಾರು ಹಾಗೆ ತೀರ್ಮಾನಿಸಿದರು ಎಂಬುದನ್ನು ಸಹಿ ಹಾಕಿ ತಿಳಿಸಿ.

ಗಿರಿಜಕ್ಕ ನಮ್ಮ ಮನೆಯೊಳಗೆ ಯಾವಾಗ ಬರಬಹುದು ಎಂಬುದಕ್ಕೆ ನಮಗೆ ಲಿಖಿತ ಉತ್ತರ ಬೇಕು.