ಕೊಕ್ಕೆ ದೊಡ್ಡಮ್ಮನದು, ಚುಕ್ಕಿ ನನ್ನದು

ಎಂಬತ್ತರ ದಶಕದಲ್ಲಿ ಉಡುಪಿಯ ನಮ್ಮ ಚರ್ಚಿನ ಕ್ವೈರಿನಲ್ಲಿ ಆಲ್ಟೊ, ಎಂದರೆ ಹೆಂಗಸರ ಕೆಳದನಿ, ಹಾಡುತ್ತಿದ್ದವರು ಇಬ್ಬರೇ: ದೊಡ್ಡಮ್ಮ ಮತ್ತು ನಾನು. ಶನಿವಾರ ಕಾಪುವಿನಿಂದ ಬಸ್ಸಿನಲ್ಲಿ ಬಂದು, ಒಂದೇ ಸ್ವರದ ಹಾಳೆಯನ್ನು ಇಬ್ಬರ ಮಡಿಲಿಗೂ ಹರಡಿಕೊಳ್ಳುತ್ತಿದ್ದೆವು. ಅದರ ಮೇಲೆ ಪೆನ್ಸಿಲಿನಲ್ಲಿ ಮಾತ್ರ ಬರೆಯಬೇಕು, ಕ್ರಿಸ್ಮಸ್ ಮುಗಿದ ಮೇಲೆ ಎಲ್ಲರೂ ಕೂತು ಉಜ್ಜಿ ಅಳಿಸಬೇಕು. ಅದು ಹಳೆಯ ಕಟ್ಟಳೆ. ದೊಡ್ಡಮ್ಮ ಪೆನ್ಸಿಲನ್ನು ತುರುಬಿಗೇ ಸಿಕ್ಕಿಸಿಕೊಂಡು ಬರುತ್ತಿದ್ದರು.

ನನಗೆ ಹಾಡು ಕಲಿಸಿದವರು ಅವರೇ. ವಯಸ್ಸಾದಂತೆ ಅವರ ಉಸಿರು ಗಿಡ್ಡವಾಯಿತು. ಹಾಳೆಯಲ್ಲಿ ಸಾಲಿಗೊಂದಿದ್ದ ಉಸಿರೆಳೆಯುವ ಗುರುತು, ಒಂದು ಪುಟ್ಟ ಕೊಕ್ಕೆ, ಎರಡಾಯಿತು, ಮೂರಾಯಿತು. ಆ ವರ್ಷ ಕ್ವೈರನ್ನು ವಹಿಸಿಕೊಂಡ ಮಣಿಪಾಲದ ಡಾಕ್ಟರು ಹಾಳೆ ಎತ್ತಿ ನೋಡಿ ನಕ್ಕರು.

“ಇದೆಂತ ಆಂಟಿ, ಹಾಡಿಗೆ ಸಾಸಿವೆ ಒಗ್ಗರಣೆ ಹಾಕಿದ್ದೀರಾ?”

“ಉಸಿರು ನನ್ನದಲ್ವಾ ಡಾಕ್ಟ್ರೇ? ಜಾಸ್ತಿ ಬೇಕಾದರೆ ನೀವೇ ಚೀಟಿ ಬರೆದು ಕೊಡಿ.”

ಎಲ್ಲರೂ ನಕ್ಕರು, ಡಾಕ್ಟರೊಬ್ಬರನ್ನು ಬಿಟ್ಟು. “ಕ್ರಿಸ್ಮಸ್ಸಿಗೆ ಆಲ್ಟೊ ಎಲ್ಲಿಯೂ ತುಂಡಾಗಬಾರದು. ತುಂಡಾದರೆ ನೀವು ಇನ್ನು ಕೆಳಗೆ ಸಭೆಯಲ್ಲಿ ಕೂತು ಕೇಳಿದರೆ ಸಾಕು ಆಂಟಿ,” ಎಂದರು.

ಮನೆಗೆ ಮರಳುವ ಬಸ್ಸು ಕಟಪಾಡಿ ದಾಟಿತು. ದೊಡ್ಡಮ್ಮ ಹಾಳೆ ಬಿಚ್ಚಿದರು. “ನನ್ನ ಕೊಕ್ಕೆ ಇದ್ದಲ್ಲಿ ನೀನು ಉಸಿರು ತೆಗೀಬೇಡ ಮಾರಾಯ್ತಿ. ನಿನಗೆ ಬೇರೆ ಕಡೆ ಚುಕ್ಕಿ ಹಾಕಿಕೋ.” ಅವರು ನಿಲ್ಲಿಸಿದಲ್ಲಿ ನನ್ನ ದನಿ, ನಾನು ನಿಲ್ಲಿಸಿದಲ್ಲಿ ಅವರದು. ಮುಂದಿನ ಅಭ್ಯಾಸಗಳಲ್ಲಿ ಡಾಕ್ಟರು ಎಷ್ಟು ಕಿವಿಗೊಟ್ಟರೂ ತುಂಡು ಸಿಗಲಿಲ್ಲ.

ಕ್ರಿಸ್ಮಸ್ ಬೆಳಿಗ್ಗೆ ಡಾಕ್ಟರು ಹಳೆಯ ಹಾಳೆಗಳನ್ನೆಲ್ಲ ವಾಪಸು ತೆಗೆದುಕೊಂಡು, ಝೆರಾಕ್ಸ್ ಮಾಡಿಸಿದ ಹೊಸ ಹಾಳೆಗಳನ್ನು ಹಂಚಿದರು. ಒಂದು ಗುರುತೂ ಇಲ್ಲ. “ಜನ ನೋಡ್ತಾರೆ, ಚಂದ ಕಾಣಬೇಕಲ್ವಾ?” ಹಾಡನ್ನು ನೋಡಲಿಕ್ಕೆ ಬರುವ ಜನ ಯಾರೋ, ನನಗಂತೂ ಗೊತ್ತಿಲ್ಲ. ದೊಡ್ಡಮ್ಮನ ಕೈ ತುರುಬಿಗೆ ಹೋಗುವಷ್ಟರಲ್ಲಿ ಆರ್ಗನ್ ಶುರುವಾಯಿತು.

ಎರಡನೆಯ ಚರಣದಲ್ಲಿ ಇಬ್ಬರೂ ಒಟ್ಟಿಗೆ ಉಸಿರೆಳೆದೆವು. ಆಲ್ಟೊ ಇರಬೇಕಾದಲ್ಲಿ ಏನೂ ಇರಲಿಲ್ಲ.

ಡಾಕ್ಟರು ಬೈಯಲಿಲ್ಲ. ಮುಂದಿನ ಅಭ್ಯಾಸಕ್ಕೆ ಬಂದಾಗ ದೊಡ್ಡಮ್ಮನ ಕುರ್ಚಿಯಲ್ಲಿ ಕಾರ್ಕಳದ ಒಬ್ಬ ಹುಡುಗಿ ಕೂತಿದ್ದಳು, ಅಷ್ಟೆ.

ಮರುದಿನ ಆದಿತ್ಯವಾರ. ಸಭೆಯೆಲ್ಲ ಎದ್ದು ಹಾಡುವಾಗ ದೊಡ್ಡಮ್ಮ ಕೆಳಗೆ ಬೆಂಚಿನ ಹತ್ತಿರ ಬಾಯಿ ಮುಚ್ಚಿ ನಿಂತದ್ದು ಮೇಲೆ ಕ್ವೈರಿನಲ್ಲಿದ್ದ ನನಗೆ ಕಂಡಿತು. ಹೊರಗೆ ಬಂದ ಮೇಲೆ ಕೇಳಿದೆ: “ಅದು ಎಲ್ಲರೂ ಹಾಡುವುದಲ್ವಾ ದೊಡ್ಡಮ್ಮ, ಅದನ್ನಾದರೂ ಹಾಡಬಹುದಿತ್ತು.”

“ಕೇಳಿದರೆ ಸಾಕು ಅಂತ ಹೇಳಿದ್ದಾರಲ್ಲ,” ಎಂದರು ದೊಡ್ಡಮ್ಮ, ಸೆರಗು ಸರಿಪಡಿಸಿಕೊಳ್ಳುತ್ತ. “ಕೇಳ್ತಾ ಇದ್ದೇನೆ.”